ನೀರು ಯಾವ ಕಡೆ ಹೋಯ್ತು: ನನ್ನ ಬಾಟನಿ ಪ್ರಾಕ್ಟಿಕಲ್ ಪುರಾಣ

ಮೊನ್ನೆ ಸೋಮವಾರ ಬಾಟನಿ ಪ್ರಾಕ್ಟಿಕಲ್ ಪರೀಕ್ಷೆ ಮುಗೀತು. ಆಲೂಗಡ್ಡೆ ಕಂಡರೆ ಇನ್ನೂ ಸ್ವಲ್ಪ ಸಿಟ್ಟು ಬರುತ್ತೆ, ಅದೊಂದು ಬಿಟ್ಟರೆ ಆರಾಮಾಗಿದ್ದೀನಿ. ಆಸ್ಮೋಸಿಸ್, ಡಿಫ್ಯೂಷನ್ ಅನ್ನೋ ಎರಡು ಪದಗಳ ಹಿಂದೆ ಐದು ವಾರ ತಿರುಗಿದ ಕಥೆ ಇದು. ಮರೆತುಹೋಗುವ ಮೊದಲೇ ಬರೆದಿಡುತ್ತೇನೆ. ಮುಂದಿನ ವರ್ಷ ಇದೇ ಬೆಂಚಿನ ಮುಂದೆ ನಿಲ್ಲುವವರಿಗೆ ಒಂದೆರಡು ಆಲೂಗಡ್ಡೆಯಾದರೂ ಉಳಿಯಲಿ.

ನಮ್ಮದು ಜಗಳೂರು ಕಡೆಯ ಹಳ್ಳಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಅಲ್ಲಿ ಡಿಫ್ಯೂಷನ್ ಹೆಸರು ವಿಸರಣೆ, ಆಸ್ಮೋಸಿಸ್ ಹೆಸರು ಅಭಿಸರಣೆ. ಪಿಯುಸಿಗೆ ಬಂದಾಗ ಹೆಸರು ಬದಲಾಯ್ತು, ಪಾಠ ಅದೇ. ಪ್ರಾಕ್ಟಿಕಲ್‌ನಲ್ಲಿ ಲೆಕ್ಚರರ್ ಮುಂದೆ ನಿಂತು ಮಾಡಿ ತೋರಿಸಿದರು, ನಾವು ನಲವತ್ತು ಜನ ಹಿಂದಿನಿಂದ ಇಣುಕಿ ರೆಕಾರ್ಡ್ ಬರೆದೆವು. ನನಗೆ ಕಂಡಿದ್ದು ಮುಂದೆ ನಿಂತವಳ ಜಡೆ. ಹಾಗಾಗಿ ಬಿಎಸ್ಸಿಗೆ ಅಂತ ದಾವಣಗೆರೆಗೆ ಬಂದಾಗ ನನ್ನ ತಲೆಯಲ್ಲಿ ಇದ್ದದ್ದು ಬಾಯಿಪಾಠ ಮಾಡಿದ ಎರಡು ಸಾಲು. ವಿಸರಣೆ ಅಂದರೆ ಹೆಚ್ಚು ಸಾರತೆಯಿಂದ (ಎಷ್ಟು ಕರಗಿದೆಯೋ ಆ ಪ್ರಮಾಣ) ಕಡಿಮೆ ಸಾರತೆಯ ಕಡೆಗೆ. ಅಭಿಸರಣೆ ಅಂದರೆ ಕಡಿಮೆ ಸಾರತೆಯಿಂದ ಹೆಚ್ಚು ಸಾರತೆಯ ಕಡೆಗೆ. ಒಂದಕ್ಕೊಂದು ಉಲ್ಟಾ. ಯಾಕೆ ಉಲ್ಟಾ ಅಂತ ನಾನೂ ಕೇಳಲಿಲ್ಲ, ನನ್ನನ್ನೂ ಯಾರೂ ಕೇಳಲಿಲ್ಲ.

ಖರ್ಚಿನ ಲೆಕ್ಕ ಮೊದಲೇ ಹೇಳಿಬಿಡ್ತೀನಿ. ರೆಕಾರ್ಡ್ ಬುಕ್ 130 ರೂಪಾಯಿ. ಸೂಜಿ, ಬ್ರಷ್, ಚಿಮುಟ ಇರುವ ಬಾಕ್ಸ್ 180. ಸೀನಿಯರ್ ಹತ್ತಿರ ಹಳೆಯದು ಸಿಕ್ಕರೆ ಅದೇ ಸಾಕು, ಸೂಜಿಗೇನು ವಯಸ್ಸಾಗಲ್ಲ. ಬ್ಲೇಡ್ ಮಾತ್ರ ಹೊಸದೇ ಬೇಕು. ಸ್ಲೈಡು, ಕವರ್ ಸ್ಲಿಪ್ಪು ಕಾಲೇಜಿನವೇ, ಒಡೆದರೆ ದಂಡ. ಕವರ್ ಸ್ಲಿಪ್ಪನ್ನು ನೋಡಿದರೆ ಸಾಕು ಒಡೆಯುತ್ತೆ. ನಾಲ್ಕು ಒಡೆದೆ. ಆಲೂಗಡ್ಡೆಯ ಲೆಕ್ಕ ಬರೆದಿಟ್ಟಿಲ್ಲ.

ಮೊದಲ ವಾರ ಡಿಫ್ಯೂಷನ್. ಬೀಕರ್ ತುಂಬ ನೀರು, ಅದಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟಿನ ಒಂದೇ ಒಂದು ಹರಳು. ಇದರಲ್ಲಿ ತಪ್ಪುವುದಕ್ಕೆ ಏನಿದೆ ಅಂದುಕೊಂಡೆ. ಹರಳು ತಳ ಮುಟ್ಟುವಷ್ಟರಲ್ಲಿ ಬಾಲದ ಹಾಗೆ ನೇರಳೆ ಎಳೆ ಎದ್ದಿತು, ಹತ್ತು ನಿಮಿಷಕ್ಕೆಲ್ಲ ಬೀಕರಿನ ಮುಕ್ಕಾಲು ಭಾಗ ಬಣ್ಣ. ‘ಹತ್ತು ನಿಮಿಷದಲ್ಲಿ ಡಿಫ್ಯೂಷನ್ ಬಹುತೇಕ ಪೂರ್ಣ’ ಅಂತ ಬರೆದುಕೊಂಡು ಹೋಗಿ ತೋರಿಸಿದೆ. ಮೇಡಂ ಓದಿದರು, ತಲೆ ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡಿದರು, “ಇದರಾಗೆ ಡಿಫ್ಯೂಷನ್ ಎಷ್ಟು, ಫ್ಯಾನ್ ಎಷ್ಟು, ನೀನು ಬೆಂಚಿಗೆ ಒರಗಿ ನಿಂತಿದ್ದು ಎಷ್ಟು?” ಅಂದರು.

ನೀರೇ ಅಲುಗಾಡಿದರೆ ಬಣ್ಣ ಅದರ ಜೊತೆ ತೇಲಿಕೊಂಡು ಹೋಗುತ್ತೆ. ಅದು ಡಿಫ್ಯೂಷನ್ ಅಲ್ಲ. ಹಾಗಾಗಿ ಬರೀ ನೀರಿನ ಬದಲು ಅಗರ್ (ಜೆಲ್ಲಿಯಂತೆ ಹೆಪ್ಪುಗಟ್ಟುವ ಪದಾರ್ಥ) ಹಾಕಿ ಗಟ್ಟಿ ಮಾಡಿದ ಪ್ರನಾಳ ಕೊಟ್ಟರು, ಮೇಲೆ ಅದೇ ನೇರಳೆ ದ್ರಾವಣ. ಒಂದು ಗಂಟೆಗೆ ಬಣ್ಣ ಸುಮಾರು 5 ಮಿ.ಮೀ. ಇಳಿದಿತ್ತು. ನಾಲ್ಕು ಗಂಟೆಗೆ 20 ಮಿ.ಮೀ. ಆಗುತ್ತೆ ಅಂತ ಮೊದಲೇ ಪೆನ್ಸಿಲ್‌ನಲ್ಲಿ ಬರೆದಿಟ್ಟು, ಕಾಯುತ್ತಾ ಕೂತೆ. ಶನಿವಾರ ಬೇರೆ, ಊರಿನ ಬಸ್ಸು ಹೋಯ್ತು. ನಾಲ್ಕು ಗಂಟೆಗೆ ಸ್ಕೇಲ್ ಹಿಡಿದರೆ 10 ಮಿ.ಮೀ., ಅಷ್ಟೇ. ಪ್ರನಾಳ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ದುಗ್ಗಮ್ಮನ ಜಾತ್ರೆಯ ನೂಕುನುಗ್ಗಲಿನಲ್ಲಿ ಸಿಕ್ಕಿಕೊಂಡವರು ಮುಂದೆ ಎರಡು ಹೆಜ್ಜೆ, ಪಕ್ಕಕ್ಕೆ ಒಂದು, ಹಿಂದೆ ಒಂದು ಅಂತ ಸಾಗುತ್ತಾರಲ್ಲ, ಅಣುಗಳ ನಡಿಗೆಯೂ ಅದೇ. ಎರಡು ಪಟ್ಟು ದೂರಕ್ಕೆ ನಾಲ್ಕು ಪಟ್ಟು ಹೊತ್ತು ಬೇಕು. ಫಿಕ್ ಎಂಬಾತ 1855ರಲ್ಲಿ ಬರೆದ ನಿಯಮದಿಂದಲೇ ಈ ಲೆಕ್ಕ ಹೊರಡುತ್ತೆ. ಜೀವಕೋಶಗಳು ಯಾಕೆ ಅಷ್ಟು ಸಣ್ಣವು ಅನ್ನೋದಕ್ಕೂ ಇದು ಒಂದು ಕಾರಣ: ದೂರ ಹೆಚ್ಚಿದರೆ ಒಳಗಿನವರಿಗೆ ಆಮ್ಲಜನಕ ತಲುಪುವ ಹೊತ್ತಿಗೆ ಊಟ ಹಳಸಿರುತ್ತೆ.

ಒಂದು ಎಚ್ಚರಿಕೆ. ಪರ್ಮಾಂಗನೇಟ್ ಹರಳನ್ನು ಕೈಯಿಂದ ಮುಟ್ಟಬೇಡಿ, ಚಿಮುಟದಲ್ಲಿ ಹಿಡೀರಿ. ನನ್ನ ಎರಡು ಬೆರಳು ಕಂದು ಬಣ್ಣಕ್ಕೆ ತಿರುಗಿ ಮೂರು ದಿನ ಹಾಗೇ ಇದ್ದವು. ಮೆಸ್ಸಿನ ಅಕ್ಕ “ಏನವ್ವಾ, ಎರಡೇ ಬೆರಳಿಗೆ ಮೆಹಂದಿ ಹಾಕ್ಕಂಡೀಯ?” ಅಂತ ಕೇಳಿದರು. ನಿಂಬೆಹೋಳು ಉಜ್ಜಿದರೆ ಹೋಗುತ್ತೆ, ಆಮೇಲೆ ಗೊತ್ತಾಯ್ತು.

ಎರಡನೇ ವಾರದಿಂದ ಆಲೂಗಡ್ಡೆ. ಕೇಳುವುದಕ್ಕೆ ಮಕ್ಕಳಾಟ. ಸಿಪ್ಪೆ ತೆಗೆದು, ಬುಡ ಸಮ ಮಾಡಿ, ನಡುವೆ ಗುಳಿ ತೋಡಿ, ಗುಳಿಯೊಳಗೆ ಸಕ್ಕರೆ ದ್ರಾವಣ ಹಾಕಿ, ಅದರ ಮಟ್ಟಕ್ಕೆ ಗುಂಡುಪಿನ್ನು ಚುಚ್ಚಿ ಗುರುತು ಮಾಡಿ, ನೀರಿನ ಬೀಕರಿನಲ್ಲಿ ಕೂರಿಸಬೇಕು. ಗಂಟೆ ಕಳೆದರೆ ಗುಳಿಯ ದ್ರಾವಣ ಪಿನ್ನಿಗಿಂತ ಮೇಲೆ ಏರಿರಬೇಕು. ನನ್ನದು ಇಳಿದಿತ್ತು! ಪಕ್ಕದ ಬೆಂಚಿನವರದೆಲ್ಲ ಏರಿದೆ, ನನ್ನೊಬ್ಬಳದು ಪಿನ್ನು ಬಿಟ್ಟು ಕೆಳಗೆ. ಬಾಯಿಪಾಠದ ಸಾಲು ನೆನಪಾಗಿ ‘ಸಕ್ಕರೆ ಹೆಚ್ಚಿರುವ ಕಡೆಯಿಂದ ಕಡಿಮೆ ಕಡೆಗೆ ಹೋಯಿತು’ ಅಂತ ಸಮಜಾಯಿಷಿ ಬೇರೆ ಬರೆದೆ. ತಪ್ಪು ಫಲಿತಾಂಶಕ್ಕೂ ನನ್ನ ಹತ್ತಿರ ಸರಿಯಾದ ಸಾಲು ಇತ್ತು ನೋಡಿ, ಅದೇ ಆ ಬಾಯಿಪಾಠದ ದೊಡ್ಡ ಅಪಾಯ.

ಲ್ಯಾಬ್ ಅಟೆಂಡರ್ ಅಣ್ಣ ಆಲೂಗಡ್ಡೆ ಎತ್ತಿ, ಬೆಳಕಿಗೆ ಹಿಡಿದು ತಿರುಗಿಸಿದರು. ಪಿನ್ನಿನ ತಲೆಯ ಸುತ್ತ ಒಂದು ಅಂಟಂಟು ಹನಿ. “ಹೊರಗಿಂದ ಚುಚ್ಚೀಯಲ್ಲವ್ವಾ, ಅಲ್ಲಿಂದಾನ ಸೋರೈತಿ ನೋಡು.” ಪಿನ್ನನ್ನು ಗುಳಿಯ ಒಳಗಿನಿಂದ, ತುದಿ ಮಾತ್ರ ಗೋಡೆಗೆ ಸಿಕ್ಕುವಂತೆ ಚುಚ್ಚಬೇಕಿತ್ತು. ನಾನು ಹೊರಗಿನಿಂದ ಆರಪಾರ ತೂರಿಸಿದ್ದೆ. ನಾನು ಓದಿದ ಪುಸ್ತಕದಲ್ಲಿ ಇದನ್ನು ಬರೆದಿರಲಿಲ್ಲ, ಆದ್ದರಿಂದ ಇಲ್ಲಿ ಬರೀತಿದ್ದೀನಿ. ಹಾಗೆಯೇ ಬುಡ ತೀರಾ ತೆಳುವಾಗಬಾರದು, ಬಿರುಕಿರುವ ಗಡ್ಡೆ ಆರಿಸಬಾರದು, ಬೀಕರಿನ ನೀರು ಗಡ್ಡೆಯ ಅರ್ಧಕ್ಕಿಂತ ಮೇಲೆ ಬರಬಾರದು. ಬಂದರೆ ನೀರು ಮೇಲಿನಿಂದಲೇ ಗುಳಿಗೆ ಇಳಿದು ನಿಮ್ಮ ಪ್ರಯೋಗ ‘ಯಶಸ್ವಿ’ ಆಗಿಬಿಡುತ್ತೆ.

ಮುಂದಿನ ವಾರ ಸರಿಯಾಗಿ ಏರಿತು. ಕುಣಿಯುವುದೊಂದು ಬಾಕಿ. ರೆಕಾರ್ಡ್ ತೋರಿಸಿದರೆ ‘ಕಂಟ್ರೋಲ್ ಎಲ್ಲಿ?’ ಅಂತ ಕೆಂಪು ಇಂಕಿನಲ್ಲಿ ಬರೆದು ವಾಪಸ್. ಹಸಿ ಗಡ್ಡೆಯ ಪಕ್ಕ ಬೇಯಿಸಿದ ಗಡ್ಡೆಯೊಂದನ್ನು ಹಾಗೇ ಇಟ್ಟು ತೋರಿಸಬೇಕಂತೆ. ಬೇಯಿಸಿದರೆ ಕೋಶದ ಪೊರೆ ಸತ್ತು ಹೋಗುತ್ತೆ, ಯಾರನ್ನು ಬಿಡಬೇಕು ಯಾರನ್ನು ತಡೀಬೇಕು ಅನ್ನೋ ವಿವೇಚನೆ ಉಳಿಯಲ್ಲ, ಹಾಗಾಗಿ ದ್ರಾವಣ ಏರಲ್ಲ. ಹಾಸ್ಟೆಲಿನಲ್ಲಿ ಒಲೆ ಇಲ್ಲ. ಮೆಸ್ಸಿನ ಅಕ್ಕನ ಕೈಗೆ ಗಡ್ಡೆ ಕೊಟ್ಟೆ. ಅವರು ಪ್ರೀತಿಯಿಂದ ಪಲ್ಯಕ್ಕೆ ಬೇಯಿಸುವ ಹಾಗೆ ಬೇಯಿಸಿಕೊಟ್ಟರು. ಲ್ಯಾಬಿಗೆ ತಂದು ಚಾಕು ಇಟ್ಟ ತಕ್ಷಣ ಪುಡಿಪುಡಿ. ಗುಳಿ ಮೊದಲು ತೋಡಿ, ಆಮೇಲೆ ಐದಾರು ನಿಮಿಷ ಮಾತ್ರ ಕುದಿಸಿ. ನೆನಪಿರಲಿ: ಮೊದಲು ಗುಳಿ, ಆಮೇಲೆ ಒಲೆ.

ಇಷ್ಟೆಲ್ಲ ಆದಮೇಲೂ ನೀರು ಯಾಕೆ ಒಳಗೆ ಬಂತು ಅನ್ನೋದು ನನಗೆ ಹೊಳೆದಿರಲಿಲ್ಲ. ಏರುತ್ತೆ ಅಂತ ಗೊತ್ತು, ಏರಿತು, ಬರೆದೆ. ಅರ್ಥವಾಗಿದ್ದು ಲ್ಯಾಬಿನಲ್ಲಿ ಅಲ್ಲ, ಅದೇ ಸಂಜೆ ಜಯದೇವ ಸರ್ಕಲ್ ಹತ್ತಿರ ಮಂಡಕ್ಕಿ ಗಾಡಿಯ ಮುಂದೆ. ನನ್ನ ಗೆಳತಿ ಮಂಡಕ್ಕಿ ಹೇಳಿ, ಫೋನ್ ಬಂತು ಅಂತ ಆ ಕಡೆ ಹೋದಳು. ಗಾಡಿಯವರು ಈರುಳ್ಳಿ, ಟೊಮೆಟೊ ಎಲ್ಲ ಹೆಚ್ಚಿಟ್ಟು ಕೈಕಟ್ಟಿ ನಿಂತರು. ಕಲಸಿಬಿಡಿ ಅಣ್ಣಾ, ಬರ್ತಾಳೆ ಅಂದೆ. “ಬರ್ಲಿ ತಡೀರಿ. ಉಪ್ಪು ಬಿತ್ತಂದ್ರ ಈರುಳ್ಳಿ ನೀರು ಬಿಡ್ತೈತಿ, ಮಂಡಕ್ಕಿ ಮೆತ್ತಗ ಆಗಿಬಿಡ್ತೈತಿ.”

ಉಪ್ಪು ಈರುಳ್ಳಿಯ ಹೊರಗಿದೆ. ನೀರು ಈರುಳ್ಳಿಯ ಒಳಗಿದೆ. ಉಪ್ಪು ಬಿದ್ದ ಕಡೆ ನೀರಿಗೆ ಬರಗಾಲ, ಒಳಗೆ ಸಮೃದ್ಧಿ, ಅದಕ್ಕೇ ಒಳಗಿನ ನೀರು ಹೊರಗೆ ಬರುತ್ತೆ. ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ! ಅಂದರೆ ಉಲ್ಟಾ ಏನೂ ಇಲ್ಲ. ನನ್ನ ಎರಡನೇ ಸಾಲಿನಲ್ಲಿ ‘ಸಾರತೆ’ ಅಂತ ಎಣಿಸುತ್ತಿದ್ದದ್ದು ಉಪ್ಪನ್ನು, ಸಕ್ಕರೆಯನ್ನು. ಓಡಾಡುತ್ತಿದ್ದದ್ದು ನೀರು. ಪೊರೆ ಸಕ್ಕರೆಯನ್ನು ಬಾಗಿಲಲ್ಲೇ ತಡೆಯುತ್ತೆ, ನೀರನ್ನು ಬಿಡುತ್ತೆ. ಹಾಗಾಗಿ ನೀರೊಂದೇ ತನ್ನ ಇಳಿಜಾರು ನೋಡಿಕೊಂಡು ಹೋಗುತ್ತೆ. ಲೆಕ್ಕ ಸಕ್ಕರೆಯದು ಇಟ್ಟುಕೊಂಡು ಓಡಾಟ ನೀರಿನದು ನೋಡಿದರೆ ಉಲ್ಟಾ ಕಾಣದೆ ಇನ್ನೇನು? ಆ ದಿನ ಮಂಡಕ್ಕಿ ಎಷ್ಟು ತಿಂದೆನೋ ಲೆಕ್ಕವಿಲ್ಲ.

ಮಾರನೇ ದಿನ ಮೇಡಂಗೆ ಹೇಳಿದೆ. ಖುಷಿಪಟ್ಟರು, ತಿದ್ದಿಯೂ ತಿದ್ದಿದರು. ‘ನೀರು ಹೆಚ್ಚು, ನೀರು ಕಡಿಮೆ’ ಅಂತ ಉತ್ತರಪತ್ರಿಕೆಯಲ್ಲಿ ಬರೆಯಬೇಡ, ವಾಟರ್ ಪೊಟೆನ್ಷಿಯಲ್ ಅಂತ ಬರಿ ಅಂದರು. ಒಂದು ಜಾಗದಿಂದ ನೀರು ಹೊರಟುಹೋಗುವ ಒಲವಿನ ಅಳತೆ ಅದು. ಶುದ್ಧ ನೀರಿಗೆ ಅದು ಸೊನ್ನೆ. ಏನನ್ನು ಕರಗಿಸಿದರೂ ಸೊನ್ನೆಗಿಂತ ಕೆಳಗೆ, ಮೈನಸ್. ನೀರು ಸೊನ್ನೆಯ ಹತ್ತಿರದಿಂದ ಹೆಚ್ಚು ಮೈನಸ್ ಇರುವ ಕಡೆಗೆ ಇಳಿಯುತ್ತೆ. ಹೈಪರ್‌ಟಾನಿಕ್, ಹೈಪೋಟಾನಿಕ್ (ಕೋಶಕ್ಕಿಂತ ಹೆಚ್ಚು ಸಾರತೆಯ ದ್ರಾವಣ, ಕಡಿಮೆ ಸಾರತೆಯ ದ್ರಾವಣ) ಅಂತ ತಲೆ ಕೆಡಿಸಿಕೊಳ್ಳುವವರು ಇದೊಂದನ್ನು ಹಿಡಿದುಕೊಂಡರೆ ಸಾಕು.

ನಾಲ್ಕನೇ ವಾರ ತೂಕದ ಪ್ರಯೋಗ. ಕಾರ್ಕ್ ಬೋರರ್‌ನಿಂದ ಒಂದೇ ಅಳತೆಯ ಆಲೂ ತುಂಡು ತೆಗೆದು, ತೂಕ ಮಾಡಿ, ನೀರಿನಿಂದ ಹಿಡಿದು 0.5 ಮೋಲಾರ್ ಸಕ್ಕರೆವರೆಗಿನ ದ್ರಾವಣಗಳಲ್ಲಿ ಮುಳುಗಿಸಿ, ಮತ್ತೆ ತೂಕ ಮಾಡಬೇಕು. ಇಲ್ಲಿ ಮೊದಲು ಕಾಲು ಜಾರುವುದು ದ್ರಾವಣ ಮಾಡುವಾಗ. ಸುಕ್ರೋಸ್‌ನ ಅಣುತೂಕ 342, 1 ಮೋಲಾರ್ ಅಂದರೆ ಒಂದು ಲೀಟರ್ ದ್ರಾವಣದಲ್ಲಿ ಅಣುತೂಕದಷ್ಟು ಗ್ರಾಂ, ಹಾಗಾಗಿ 100 ಮಿ.ಲೀ. 1 ಮೋಲಾರ್ ದ್ರಾವಣಕ್ಕೆ 34.2 ಗ್ರಾಂ. ನಾನು 100 ಮಿ.ಲೀ. ನೀರು ಅಳೆದು ಅದಕ್ಕೆ 34.2 ಗ್ರಾಂ ಸುರಿದೆ. ಎಲ್ಲ ಕರಗಿದ ಮೇಲೆ ನೋಡಿದರೆ 120 ಮಿ.ಲೀ. ಗೆರೆ ಮುಟ್ಟಿದೆ. ಸಕ್ಕರೆಗೂ ಜಾಗ ಬೇಕಲ್ಲ! ಮೊದಲು ಸ್ವಲ್ಪ ನೀರಿನಲ್ಲಿ ಕರಗಿಸಿ, ಆಮೇಲೆ 100ರ ಗೆರೆಗೆ ನೀರು ತುಂಬಿಸಬೇಕು. ಅಷ್ಟರಲ್ಲಿ ಲ್ಯಾಬಿನ ಸುಕ್ರೋಸ್ ಬಾಟಲಿ ಖಾಲಿ. ಅಟೆಂಡರ್ ಅಣ್ಣ ಕಿರಾಣಿ ಅಂಗಡಿಯ ಸಕ್ಕರೆ ತಂದು ಕೊಟ್ಟರು. ಬಿಳಿ ಸಕ್ಕರೆ ಹೆಚ್ಚುಕಡಿಮೆ ಶುದ್ಧ ಸುಕ್ರೋಸೇ, ಕಾಲೇಜು ಮಟ್ಟಕ್ಕೆ ಧಾರಾಳವಾಗಿ ನಡೆಯುತ್ತೆ.

ತುಂಡುಗಳನ್ನು ಒರೆಸುವುದು ಎರಡನೇ ಬಲೆ. ಒಂದನ್ನು ಒತ್ತಿ ಒರೆಸಿ ಇನ್ನೊಂದನ್ನು ತೊಟ್ಟಿಕ್ಕುವ ಹಾಗೇ ತಕ್ಕಡಿಗೆ ಇಟ್ಟರೆ ಗ್ರಾಫ್ ಗುಡ್ಡಗಾಡಿನ ದಾರಿಯಾಗುತ್ತೆ. ಎಲ್ಲಕ್ಕೂ ಒಂದೇ ಕೈ, ಒಂದೇ ಒತ್ತು. ಬರೆಯುವಾಗ ಗ್ರಾಂ ವ್ಯತ್ಯಾಸ ಬೇಡ, ಶೇಕಡಾ ಬರೀರಿ. ನನ್ನ ಲೆಕ್ಕದಲ್ಲಿ ಬರೀ ನೀರಿನಲ್ಲಿದ್ದ ತುಂಡು 2.10 ಗ್ರಾಂನಿಂದ 2.39ಕ್ಕೆ ಏರಿತ್ತು, ಸುಮಾರು ಶೇ. 14. 0.5 ಮೋಲಾರ್‌ನಲ್ಲಿದ್ದದ್ದು 2.08ರಿಂದ 1.83ಕ್ಕೆ ಇಳಿದು ಬಾಡಿದ ಬೀನ್ಸ್ ಹಾಗೆ ಬಳುಕುತ್ತಿತ್ತು, ಶೇ. 12 ಇಳಿಕೆ. ಗೆರೆ ಎಳೆದರೆ 0.27ರ ಹತ್ತಿರ ಸೊನ್ನೆ ದಾಟುತ್ತೆ. ಅಲ್ಲಿ ನೀರು ಹೋಗುವುದೂ ಬರುವುದೂ ಸಮ.

ಆಮೇಲೆ ಸಿ (ಸಾರತೆ), ಆರ್ (ಅನಿಲ ಸ್ಥಿರಾಂಕ), ಟಿ (ಕೆಲ್ವಿನ್‌ನಲ್ಲಿ ಉಷ್ಣತೆ) ಮೂರನ್ನು ಗುಣಿಸಬೇಕು. ಇದು ವಾಂಟ್ ಹಾಫ್ ಸೂತ್ರ. ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್, 1901ರಲ್ಲಿ, ಸಿಕ್ಕಿದ್ದು ಇವರಿಗೇ. ಸೀನಿಯರ್ ರೆಕಾರ್ಡಿನಲ್ಲಿ ಟಿ ಜಾಗದಲ್ಲಿ 300 ಇತ್ತು, ನಾನೂ 300 ಹಾಕಿದೆ. ಮೇಡಂ ಗೋಡೆಯ ಥರ್ಮಾಮೀಟರ್ ಕಡೆ ಕೈ ತೋರಿಸಿದರು: 33 ಡಿಗ್ರಿ, ಅಂದರೆ 306 ಕೆಲ್ವಿನ್. 0.27 ಇಂಟು 0.0831 ಇಂಟು 306, ಸುಮಾರು 6.9 ಬಾರ್. ಮೈನಸ್ ಚಿಹ್ನೆ ಹಾಕಿದರೆ ಅದೇ ಗಡ್ಡೆಯ ವಾಟರ್ ಪೊಟೆನ್ಷಿಯಲ್. ನಕಲು ಮಾಡಿದ್ದು ಉತ್ತರದಲ್ಲಿ ಸಿಕ್ಕಿಬೀಳಲಿಲ್ಲ, ದಾವಣಗೆರೆಯ ಬಿಸಿಲಿನಲ್ಲಿ ಸಿಕ್ಕಿಬಿತ್ತು.

ಕೊನೆಯದು ಪ್ಲಾಸ್ಮಾಲಿಸಿಸ್, ಅಂದರೆ ನೀರು ಕಳಕೊಂಡ ಕೋಶದ ಒಳಭಾಗ ಗೋಡೆ ಬಿಟ್ಟು ಮುದುಡುವುದು. ಇದಕ್ಕೆ ರಿಯೋ ಎಲೆ ಬೇಕು: ಮೇಲೆ ಹಸಿರು, ಕೆಳಗೆ ನೇರಳೆ ಇರುವ ಕತ್ತಿಯಂಥ ಎಲೆ. ಕಾಲೇಜಿನ ಕುಂಡದಲ್ಲಿದ್ದ ಗಿಡವನ್ನು ನಮ್ಮ ಬ್ಯಾಚು ಬೋಳಿಸಿಟ್ಟಿತ್ತು. ನಾಲ್ಕು ನರ್ಸರಿ ಸುತ್ತಿ, ಐದನೆಯದರಲ್ಲಿ 60 ರೂಪಾಯಿಗೆ ಒಂದು ಕುಂಡ ಸಿಕ್ಕಿತು. ಸಿಗದಿದ್ದರೆ ಕೆಂಪು ಈರುಳ್ಳಿಯ ಹೊರಪದರದ ನೇರಳೆ ಸಿಪ್ಪೆಯಲ್ಲೂ ಆಗುತ್ತೆ. ಈರುಳ್ಳಿ ಬೆಳೆಯುವ ಜಗಳೂರಿನವಳು ನಾನೇ ಅದನ್ನು ಮರೆತಿದ್ದೆ.

ಎಲೆಯ ನೇರಳೆ ಮುಖ ಮೇಲೆ ಮಾಡಿ ಮಡಚಿ, ಓರೆಯಾಗಿ ಸರ್ರನೆ ಹರಿಯಬೇಕು. ಹರಿದ ಅಂಚಿನಲ್ಲಿ ಬಣ್ಣದ ಕಾಗದದಂಥ ಪೊರೆ ಸಿಗುತ್ತೆ. ಅದನ್ನು ನೀರಿನ ಹನಿಯಲ್ಲಿ ಹರವಿ, ಕವರ್ ಸ್ಲಿಪ್ಪನ್ನು ಓರೆ ಹಿಡಿದು ನಿಧಾನ ಇಳಿಸಿ. ಧಡಕ್ಕನೆ ಬಿಟ್ಟರೆ ಗುಳ್ಳೆ ಸೇರುತ್ತೆ, ಗುಳ್ಳೆಯನ್ನೇ ಕೋಶ ಅಂತ ಚಿತ್ರ ಬರೆದವರು ನಮ್ಮ ಬ್ಯಾಚಿನಲ್ಲೇ ಇದ್ದಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೇರಳೆ ಇಟ್ಟಿಗೆ ಜೋಡಿಸಿದ ಗೋಡೆ. ಒಂದು ಪಕ್ಕಕ್ಕೆ ಸಕ್ಕರೆ ದ್ರಾವಣದ ಹನಿ ಬಿಟ್ಟು, ಇನ್ನೊಂದು ಪಕ್ಕದಲ್ಲಿ ಫಿಲ್ಟರ್ ಪೇಪರ್ ಇಟ್ಟು ಎಳೆದೆ. ಒಂದೆರಡು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಇಟ್ಟಿಗೆಯ ಮೂಲೆಯಲ್ಲಿ ಬಿಳಿ ಚಂದ್ರರೇಖೆ. ನೋಡ್ತಾ ನೋಡ್ತಾ ನೇರಳೆ ಬಣ್ಣ ಗೋಡೆ ಬಿಟ್ಟು ಒಳಕ್ಕೆ ಸರಿದು, ಗಾಢವಾಗಿ, ನಡುವೆ ದ್ರಾಕ್ಷಿಯ ಹಾಗೆ ಮುದುಡಿ ಕೂತಿತು. ಗೋಡೆ ಇದ್ದಲ್ಲೇ ಇದೆ. ನಾನು ಉಸಿರು ಬಿಗಿಹಿಡಿದಿದ್ದೆ ಅಂತ ಪಕ್ಕದವಳು ಆಮೇಲೆ ಹೇಳಿದಳು. ಮತ್ತೆ ಬರೀ ನೀರು ಎಳೆದೆ. ಮುದುಡಿದ್ದು ನಿಧಾನಕ್ಕೆ ಉಬ್ಬಿ ಗೋಡೆಗೆ ಹೋಗಿ ಅಂಟಿಕೊಂಡಿತು. ಬೇಡದಿದ್ದರೂ ಇನ್ನೆರಡು ಸಲ ಮಾಡಿದೆ. ಆ ಗಂಟೆಯಲ್ಲಿ ಊಟ ಮರೆತದ್ದು ನಿಜ.

ಬೇರೆ ಬೇರೆ ಸಾರತೆಯ ದ್ರಾವಣಗಳಲ್ಲಿ ಐವತ್ತು ಕೋಶ ಎಣಿಸಿ, ಅವುಗಳಲ್ಲಿ ಅರ್ಧದಷ್ಟು ಕೋಶ ಮುದುಡಲು ಶುರುವಾದ ದ್ರಾವಣ ಯಾವುದೋ ಅದೇ ಲೆಕ್ಕಕ್ಕೆ. ಗಮನಿಸಿ: ಇಲ್ಲಿ ಸಿಗುವುದು ಕೋಶರಸದ ಆಸ್ಮೋಟಿಕ್ ಪೊಟೆನ್ಷಿಯಲ್ (ಕರಗಿದ ಪದಾರ್ಥಗಳಿಂದಷ್ಟೇ ಬರುವ ಪಾಲು), ಆಲೂ ತುಂಡಿನ ತೂಕದಲ್ಲಿ ಸಿಕ್ಕಿದ್ದು ಅಂಗಾಂಶದ ವಾಟರ್ ಪೊಟೆನ್ಷಿಯಲ್. ಗೋಡೆಯ ಒತ್ತಡ ಇಲ್ಲಿ ಸೊನ್ನೆಗೆ ಬಂದಿರುತ್ತೆ, ಅಲ್ಲಿ ಇನ್ನೂ ಇರಬಹುದು. ಎರಡನ್ನೂ ಒಂದೇ ಅಂತ ಬರೆದು ನಾನು ಇನ್ನೊಂದು ಸಲ ರೆಕಾರ್ಡ್ ವಾಪಸ್ ಪಡೆದೆ.

ರೆಕಾರ್ಡಿನ ಸಹಿಯದೇ ಒಂದು ಯಾತ್ರೆ. ಚಿತ್ರ ಎಡಗಡೆಯ ಖಾಲಿ ಹಾಳೆಯಲ್ಲಿ, ಪೆನ್ಸಿಲ್‌ನಲ್ಲೇ. ಸರ್ಟಿಫಿಕೇಟ್ ಪುಟದಲ್ಲಿ ರಿಜಿಸ್ಟರ್ ನಂಬರ್ ತಿದ್ದಿದ್ದರೆ ತೆಗೆದುಕೊಳ್ಳಲ್ಲ. ಒಡೆದ ನಾಲ್ಕು ಕವರ್ ಸ್ಲಿಪ್ಪಿನ ದಂಡ 20 ರೂಪಾಯಿ ಕಟ್ಟಿದ ಚೀಟಿ ತಂದ ಮೇಲೆ ಲ್ಯಾಬಿನ ಸಹಿ. ವಿಭಾಗದ ಮುಖ್ಯಸ್ಥರು ಪೇಪರ್ ತಿದ್ದುವ ಕೆಲಸಕ್ಕೆ ಹೋಗಿದ್ದರು, ಮೂರು ದಿನ ಬಾಗಿಲು ಕಾದೆವು. ಕೊನೆಯ ವಾರಕ್ಕೆ ಸಹಿ ಇಟ್ಟುಕೊಳ್ಳಬೇಡಿ.

ಪರೀಕ್ಷೆಯ ದಿನ ಚೀಟಿ ಎತ್ತಿದೆ. ಆಲೂಗಡ್ಡೆ ಆಸ್ಮೋಮೀಟರ್, ಅದೇ ಗುಳಿ ತೋಡಿ ಪಿನ್ನು ಚುಚ್ಚುವ ಪ್ರಯೋಗ. ನಗು ಬಂತು. ಇದು ಬಂದರೆ ಮೊದಲು ಗಡ್ಡೆ ಕೂರಿಸಿಬಿಡಿ, ಅದು ಏರುವ ಹೊತ್ತಿನಲ್ಲಿ ತತ್ವ, ವಿಧಾನ ಬರೀರಿ. ಮೊದಲು ಬರೆದು ಆಮೇಲೆ ಗುಳಿ ತೋಡಿದವರ ದ್ರಾವಣ ಗಂಟೆ ಹೊಡೆದಾಗಲೂ ಪಿನ್ನಿನ ಮಟ್ಟದಲ್ಲೇ ಇತ್ತು. ಪಿನ್ನು ಒಳಗಿನಿಂದ ಚುಚ್ಚಿದೆ ಅಂತ ಬೇರೆ ಹೇಳಬೇಕಿಲ್ಲ.

ವೈವಾಗೆ (ಬಾಯಿಮಾತಿನ ಪರೀಕ್ಷೆಗೆ) ಹೊರಗಿನ ಕಾಲೇಜಿನಿಂದ ಬಂದಿದ್ದ ಮೇಡಂ. ಪ್ಲಾಸ್ಮಾಲಿಸಿಸ್ ಆದ ಕೋಶದಲ್ಲಿ ಗೋಡೆಗೂ ಪೊರೆಗೂ ನಡುವಿನ ಜಾಗದಲ್ಲಿ ಏನಿದೆ ಅಂತ ಮೊದಲ ಪ್ರಶ್ನೆ. ಗಾಳಿ ಅಂದವರೇ ಹೆಚ್ಚಂತೆ. ಹೊರಗಿನ ಸಕ್ಕರೆ ದ್ರಾವಣ ಮೇಡಂ, ಗೋಡೆ ಯಾರನ್ನೂ ತಡೆಯಲ್ಲ ಅಂದೆ. ಆಸ್ಮೋಸಿಸ್ ಮೊದಲು ಕಂಡವರು ಯಾರು? 1748ರಲ್ಲಿ ಫ್ರಾನ್ಸಿನ ನೊಲೆ, ಹಂದಿಯ ಮೂತ್ರಕೋಶದ ಪೊರೆ ಬಳಸಿ. ಇದು ಹೇಗೋ ನೆನಪಿತ್ತು. ನೀರು ಪೊರೆ ದಾಟುವ ಬಾಗಿಲುಗಳ ಹೆಸರು ಕೇಳಿದಾಗ ತಡವರಿಸಿದೆ. ಅಕ್ವಾಪೋರಿನ್, ಪೀಟರ್ ಅಗ್ರೆ, 2003ರ ನೊಬೆಲ್. ನೀವು ಓದಿಕೊಂಡು ಹೋಗಿ.

“ಊರು ಯಾವುದಮ್ಮ?” ಅಂದರು. ಹೇಳಿದೆ. “ಮೆಕ್ಕೆಜೋಳಕ್ಕೆ ಯೂರಿಯಾ ಜಾಸ್ತಿ ಬಿದ್ರೆ ಏನಾಗುತ್ತೆ?” ಹೋದ ವರ್ಷ ನಮ್ಮಪ್ಪ ಒಂದೇ ಕಡೆ ಚೀಲ ಕೊಡವಿದ ಜಾಗ ಕಣ್ಣ ಮುಂದೆ ಬಂತು. ಸುಡುತ್ತೆ ಮೇಡಂ, ಬೇರಿನ ಸುತ್ತ ಗೊಬ್ಬರ ಕರಗಿ ಮಣ್ಣಿನ ವಾಟರ್ ಪೊಟೆನ್ಷಿಯಲ್ ಬೇರಿನದಕ್ಕಿಂತ ಕೆಳಗೆ ಹೋಗುತ್ತೆ, ಬೇರು ನೀರು ಎಳೆಯುವುದಿರಲಿ, ಇರುವುದನ್ನೇ ಕಳಕೊಳ್ಳುತ್ತೆ ಅಂದೆ. “ನಿಮ್ಮೂರಲ್ಲಿ ಕುಡಿಯೋ ನೀರು?” ಬೋರಿನಲ್ಲಿ ಫ್ಲೋರೈಡ್, ಹಾಗಾಗಿ ಐದು ರೂಪಾಯಿ ಕಾಯಿನ್ ಹಾಕಿ ಕ್ಯಾನ್ ತುಂಬಿಸುವ ಘಟಕ. “ಅದರೊಳಗೆ ನೀರು ಯಾವ ಕಡೆ ಹೋಗುತ್ತೆ?” ಆಸ್ಮೋಟಿಕ್ ಒತ್ತಡಕ್ಕಿಂತ ಜಾಸ್ತಿ ಒತ್ತಿದರೆ ಉಪ್ಪಿರುವ ಕಡೆಯಿಂದ ಈಚೆಗೆ ಬರುತ್ತೆ, ಅದಕ್ಕೇ ಅದು ರಿವರ್ಸ್ ಆಸ್ಮೋಸಿಸ್ ಅಂದೆ. ತಲೆಯಾಡಿಸಿ ಮುಂದಿನವರನ್ನು ಕರೆದರು.

ರಿಸಲ್ಟ್ ಇನ್ನೂ ಬಂದಿಲ್ಲ. ರಿಯೋ ಕುಂಡ ಹಾಸ್ಟೆಲ್ ಕಿಟಕಿಯಲ್ಲಿದೆ, ಹೊಸ ಎಲೆ ಬಿಟ್ಟಿದೆ. ಬೇಕಾದ ಜೂನಿಯರ್‌ಗಳು ಬಂದು ಕೇಳಿ, ಒಬ್ಬರಿಗೆ ಒಂದೇ ಎಲೆ. ರೆಕಾರ್ಡನ್ನೂ ಕೊಡ್ತೀನಿ, ಟಿ ಜಾಗದಲ್ಲಿ ಮಾತ್ರ 306 ಅಂತ ಇಳಿಸಬೇಡಿ. ಥರ್ಮಾಮೀಟರ್ ಕಿಟಕಿಯ ಎಡಗಡೆ ಗೋಡೆಯಲ್ಲಿದೆ.